ಎಡಗಾಲಿನ ಆರನೆಯ ಬೆರಳು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆಂದಲ್ಲ, ಯಾರ ಅಂಜಿಕೆಯೂ ಇಲ್ಲ. ಆ ಹೆಸರು ಒಂದು ಜಾಗದಲ್ಲಿ ಬರಲೇಬೇಕು ಅಂತ ನಾನು ಒಮ್ಮೆ ಹಟ ಹಿಡಿದೆ. ಅದು ಬಂತು. ಬಂದದ್ದರಿಂದ ಏನಾಯಿತು ಅನ್ನುವುದನ್ನು ಕಣ್ಣಾರೆ ನೋಡಿಯೂ ಆಯಿತು. ದೇವದುರ್ಗದಲ್ಲಿ ಎಲ್ಲರೂ ಕರೆಯುತ್ತಿದ್ದಂತೆ ಡ್ರಾಯಿಂಗ್ ಮಾಸ್ತರು ಅಂತಲೇ ಕರೆಯುತ್ತೇನೆ. ಹೋದ ತಿಂಗಳು ತೀರಿಕೊಂಡರು.

ನಾವಿಬ್ಬರೂ ದೇವದುರ್ಗದ ಒಂದೇ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಇದ್ದೆವು. ನಾನು ಕನ್ನಡ ಹೇಳುತ್ತಿದ್ದೆ. ಅವರಿಗೆ ವಾರಕ್ಕೆ ಆರು ಪಿರಿಯಡ್ಡುಗಳು ಟೈಮ್‌ಟೇಬಲ್ಲಿನಲ್ಲಿ ಇದ್ದವು, ಅಷ್ಟೇ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಎರಡು, ಇಂಗ್ಲಿಷಿನವರು ಎರಡು ಎತ್ತಿಕೊಂಡು ಹೋಗುತ್ತಿದ್ದರು. "ಡ್ರಾಯಿಂಗ್ ಪಿರಿಯಡ್ ಅಂದ್ರ ಧರ್ಮಶಾಲಿ ಇದ್ದಂಗ ಸರ, ಹಾದಿ ಮ್ಯಾಗ ಹೋಗೋರೆಲ್ಲ ಬಂದು ಮಲಗಬಹುದು," ಅನ್ನುತ್ತಿದ್ದರು ಮಾಸ್ತರು. ಸಿಟ್ಟಿಲ್ಲದೆ ಅನ್ನುತ್ತಿದ್ದರು, ಅದೇ ನನಗೆ ಸಿಟ್ಟು ತರಿಸುತ್ತಿತ್ತು. ನಾನು ಅನ್ಯಾಯ ಕಂಡರೆ ಪತ್ರಿಕೆಗೆ ಪತ್ರ ಬರೆಯುವವನು. ಅವರು ಅನ್ಯಾಯ ಕಂಡರೆ ಬಶಿಗೆ ಚಹಾ ಸುರುವಿಕೊಂಡು ನಿಧಾನಕ್ಕೆ ಊದುವವರು.

ಹೊಸ ಮಕ್ಕಳಿಗೆ ಮೊದಲ ದಿನ ಅವರು ಹೂವನ್ನಾಗಲಿ ಗಿಳಿಯನ್ನಾಗಲಿ ಹೇಳಿಕೊಡುತ್ತಿರಲಿಲ್ಲ. ಎರಡು ಗುಡ್ಡದ ನಡುವೆ ಹುಟ್ಟುವ ಸೂರ್ಯನನ್ನಂತೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಚಪ್ಪಲಿ ಬಿಡಿಸಿ, ಕಾಲು ಮುಂದೆ ಚಾಚಿಸಿ, "ನಿಮ್ ನಿಮ್ ಪಾದ ಬರೀರಿ" ಅನ್ನುವರು. ಮಕ್ಕಳು ನಕ್ಕರೆ ತಾವೂ ನಗುವರು. "ಮುಖ ಯಾರಾದ್ರೂ ಬರೀತಾರ. ಮುಖಕ್ಕ ಸುಳ್ಳು ಹೇಳಾಕ ಬರ್ತದ. ಪಾದಕ್ಕ ಬರಂಗಿಲ್ಲ." ಹಾಳೆಗಳನ್ನು ಒಟ್ಟು ಮಾಡಿ, ಹೆಸರು ನೋಡದೆ, ಇದು ಜಾಲಹಳ್ಳಿ ಬಸ್ಸಿನಾಗ ಬರೋನ ಪಾದ, ಇದು ತಾಂಡಾದಿಂದ ಬರಿಗಾಲಲ್ಲಿ ಬರೋಳದು ಅಂತ ಹೇಳಿ ಹಂಚುತ್ತಿದ್ದರು. ತಪ್ಪಿದ್ದು ಕಡಿಮೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ನನ್ನ ಕಾಲನ್ನೂ ನೋಡಿ, "ಕನ್ನಡ ಸರ ಪಾದ ಭಾಳ ಮೆತ್ತಗ ಅದ, ಬಿಸಲು ತುಳಿದದ್ದಲ್ಲ," ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈ ಪಾದದ ಹುಚ್ಚು ಅವರಿಗೆ ಅವ್ವನಿಂದ ಬಂದದ್ದು. ಅವರದು ಮಾನ್ವಿ ತಾಲೂಕಿನ ಕುರ್ಡಿ, ಕೂಲಿ ಮಾಡಿ ಉಂಡ ಮನೆತನ. ಅವ್ವ ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಕುದಿಸಿದ ಭತ್ತವನ್ನು ಸಿಮೆಂಟಿನ ಕಣದಲ್ಲಿ ಹರವಿ ಒಣಗಿಸುವಾಗ ಅದನ್ನು ಮತ್ತೆ ಮತ್ತೆ ತಿರುವುತ್ತಿರಬೇಕು. ಹೆಣ್ಣುಮಕ್ಕಳು ಬರಿಗಾಲಲ್ಲಿ, ಪಾದ ಎಳೆಯುತ್ತ, ಸಾಲು ಹಿಡಿದು ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ನೇಗಿಲು ಹೂಡಿದಂತೆ ಭತ್ತ ಎರಡೂ ಕಡೆ ಸರಿಯುತ್ತದೆ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಆ ಕಣದ ಮೇಲೆ ಚಪ್ಪಲಿ ಹಾಕಿಕೊಂಡು ನಿಲ್ಲುವುದೇ ಕಷ್ಟ.

ಮಾಸ್ತರು ಆಗ ಇಪ್ಪತ್ತರ ಆಸುಪಾಸು, ನೌಕರಿ ಇನ್ನೂ ಸಿಕ್ಕಿರಲಿಲ್ಲ, ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದರು. ಅದೇ ಮಿಲ್ಲಿನ ಹೆಸರು ಬರೆಯಲು ಏಣಿ ಹತ್ತಿದವರು ಮೇಲಿಂದ ಕಣ ನೋಡಿದರು. ಹತ್ತಾರು ಸಾಲುಗಳ ನಡುವೆ ಒಂದು ಸಾಲಿನ ಪಕ್ಕದಲ್ಲಿ ಮಾತ್ರ ಇನ್ನೊಂದು ಸಣ್ಣ ಗೆರೆ ಎಳೆದಿತ್ತು. ಅವ್ವನ ಎಡಗಾಲಿಗೆ ಆರು ಬೆರಳು. ಆರನೆಯ ಬೆರಳು ಎಳೆದ ಗೆರೆ ಅದು. "ಬ್ರಶ್ ಕೈಯಾಗ ಹಂಗ ಉಳೀತು ಸರ," ಅನ್ನುತ್ತಿದ್ದರು. ಇದನ್ನು ಅವರು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ, ಪ್ರತಿ ಸಲವೂ ಕೈಯನ್ನು ಗಾಳಿಯಲ್ಲಿ ಹಿಡಿದೇ ಹೇಳುತ್ತಿದ್ದರು.

ಮಿಲ್ಲಿನ ಸಾವ್ಕಾರರು ಆಫೀಸಿಗೆ ಒಂದು ಚಿತ್ರ ಬರೆದುಕೊಡು ಅಂದಾಗ ಇವರು ಆ ಕಣವನ್ನೇ ಬರೆದರು. ಅವ್ವ ನಡು ಹಗಲಿನಲ್ಲಿ ಒಬ್ಬಳೇ ಭತ್ತ ತಿರುವುತ್ತಿರುವುದು. ಪೇಟೆಯ ಬಣ್ಣ, ಕ್ಯಾನ್ವಾಸು ಕೊಳ್ಳುವ ತಾಕತ್ತಿರಲಿಲ್ಲ. ದಪ್ಪ ಹತ್ತಿ ಬಟ್ಟೆ ತಂದು, ಪಕ್ಕದ ಮನೆಯ ಕುರುಬರು ಕಂಬಳಿಗೆ ಹಾಕುವ ಹುಣಸೆ ಬೀಜದ ಗಂಜಿಯನ್ನೇ ಕುದಿಸಿ ಬಟ್ಟೆಗೆ ಬಳಿದರು. ಬಣ್ಣದ ಪುಡಿಯನ್ನೂ ಅದೇ ಗಂಜಿಯಲ್ಲಿ ಕಲಸಿದರು. ಚಿತ್ರ ಮುಗಿದಾಗ ಸಾವ್ಕಾರರು ಬಹಳ ಹೊತ್ತು ನೋಡಿ, ಚಲೋ ಅದ, ಆದ್ರ ಈ ಆರು ಬೆರಳು ಯಾಕೋ ಅಂದರಂತೆ. "ನೋಡಿದೋರು ಬರದೋನಿಗೆ ಎಣಸಾಕ ಬರಂಗಿಲ್ಲ ಅಂತಾರ. ಒಂದು ತಗಿ." ಇವರು ಆ ಬೆರಳಿನ ಮೇಲೆ ಒಂದಿಷ್ಟು ಭತ್ತ ಬರೆದು ಮುಚ್ಚಿದರು.

ಕಿರಾಣಿ ಅಂಗಡಿಯ ಬೋರ್ಡಿನ ಮೂಲೆಯಲ್ಲೂ ಸಣ್ಣದಾಗಿ ಸಹಿ ಹಾಕುತ್ತಿದ್ದ ಮನುಷ್ಯ ಈ ಚಿತ್ರಕ್ಕೆ ಸಹಿ ಹಾಕಲಿಲ್ಲ. ಯಾಕೆಂದು ಕೇಳಿದ್ದೆ. "ಅವ್ವನ ಪಾದದ ಬಾಜೂಕ ಹಾಕಬೇಕಂತ ಮಾಡಿದ್ದೆ. ಆ ಪಾದ ಅಕಿದು ಆಗಿ ಉಳೀಲಿಲ್ಲಲ್ರಿ. ಮನಸ್ಸಾಗಲಿಲ್ಲ."

ಅವ್ವ ಸತ್ತಳು, ಸಾವ್ಕಾರರು ಸತ್ತರು, ಮಾಸ್ತರಿಗೆ ನೌಕರಿ ಸಿಕ್ಕು ಕೊನೆಗೆ ನಿವೃತ್ತಿಯೂ ಆಯಿತು. ನಾನೂ ನಿವೃತ್ತನಾದ ಮೇಲೆ ಒಂದು ಭಾನುವಾರ ಪತ್ರಿಕೆ ಬಿಡಿಸಿದರೆ, ಬೆಂಗಳೂರಿನ ಒಂದು ಕಲಾ ಮಾರಾಟದ ಸುದ್ದಿ, ಜೊತೆಗೆ ಒಂದು ಚಿತ್ರ. ಕಣ, ಬಿಸಿಲು, ಭತ್ತ ತಿರುವುವ ಒಬ್ಬ ಹೆಂಗಸು. ಕೆಳಗೆ ಹೈದರಾಬಾದಿನ ಒಬ್ಬ ದೊಡ್ಡ ಕಲಾವಿದರ ಹೆಸರು. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಾರಿದವನು ಮಾನ್ವಿ ಸಾವ್ಕಾರರ ಮೊಮ್ಮಗ. ಆ ದೊಡ್ಡ ಕಲಾವಿದರು ಒಂದು ಕಾಲಕ್ಕೆ ಮಿಲ್ಲಿನ ಅತಿಥಿ ಕೋಣೆಯಲ್ಲಿ ಕೆಲವು ದಿನ ಇದ್ದರು ಅನ್ನುವ ಕಥೆ ಕೇಳಿ ಬೆಳೆದ ಹುಡುಗ ಅವನು. ಹಳೆ ಆಫೀಸಿನಲ್ಲಿ ಸಹಿ ಇಲ್ಲದ ಒಂದು ಒಳ್ಳೆಯ ಚಿತ್ರ ಸಿಕ್ಕರೆ ಇನ್ಯಾರದೆಂದು ತಿಳಿದಾನು? ಅವನು ಕಳ್ಳನಲ್ಲ. ಈ ಮಾತನ್ನು ಈಗ ಹೇಳುತ್ತೇನೆ, ಆಗ ಹೇಳಲಿಲ್ಲ.

ಪತ್ರಿಕೆ ಹಿಡಿದು ಮಾಸ್ತರ ಮನೆಗೆ ಓಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಅವ್ವ" ಅಂದರು, ಅಷ್ಟೇ. ಕೊಂಡವರು ಅದನ್ನು ಜನ ನೋಡಲಿ ಅಂತ ಬೆಂಗಳೂರಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಮಾಸ್ತರು ಮಗಳನ್ನು ಕರೆದುಕೊಂಡು ಹೋಗಿ ಬಂದರು. ಬಂದವರ ಮುಖದಲ್ಲಿ ನಾನು ಎಂದೂ ಕಾಣದ ಒಂದು ಸಮಾಧಾನ ಇತ್ತು.

"ಎ.ಸಿ. ಹಾಕ್ಯಾರ ಸರ. ಮ್ಯಾಲಿಂದ ಅಕಿ ಮ್ಯಾಲಷ್ಟ ಸಣ್ಣ ಬೆಳಕು ಬಿಟ್ಟಾರ. ಜನ ಸಪ್ಪಳ ಮಾಡದಂಗ ಬಂದು ನಿಂತು ನೋಡ್ತಾರ. ಒಬ್ಬಾಕಿ ಹೆಣ್ಣಮಗಳು ಕಣ್ಣೊರಸಿಕೊಳ್ಳಾಕತ್ತಿದ್ಲು."

"ನೀವು ಬರದದ್ದು ಅಂತ ಹೇಳಿದ್ರಿಲ್ಲೋ?"

"ಯಾಕ ಹೇಳ್ಲಿ? ಜೀವಮಾನ ಕಾದ ಕಣದಾಗ ನಡದಾಕಿ. ಈಗ ತಂಪಿನಾಗ ಅದಾಳ. ಇರಲಿ ಬಿಡ್ರಿ ಸರ."

ನಾನು ಬಿಡಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಶಾಲೆಯ ದಾಖಲಾತಿ ರಜಿಸ್ಟರು. ಮಗುವಿನ ಹೆಸರು ತಪ್ಪು ಬಿದ್ದಿದ್ದರೆ ಪಾಲಕರು ಒಂದು ಅರ್ಜಿ, ಒಂದು ಅಫಿಡವಿಟ್ ಕೊಡುತ್ತಾರೆ, ನಾವು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸರಿಯಾದ ಹೆಸರು ಬರೆಯುತ್ತೇವೆ. ಮಗು ಅದೇ ಬೆಂಚಿನ ಮೇಲೆ ಕೂತೇ ಇರುತ್ತದೆ. ಇದೂ ಹಾಗೆಯೇ ಅಂತ ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ನಂಬಿದ್ದೆ. ಹೆಸರು ತಪ್ಪಾಗಿದೆ ಅಂತ ಕೊಂಡವರಿಗೆ ಒಂದು ಪತ್ರ ಬರೆದೆ, ಬಹಳ ಚೆಂದದ ಕನ್ನಡದಲ್ಲಿ. ಅದಕ್ಕೆ ಮಾಸ್ತರ ಸಹಿ ಬೇಕಾಗಿತ್ತು. ವಾರಗಟ್ಟಲೆ ಬೆನ್ನು ಬಿದ್ದೆ. ದಣಿದು ಪೆನ್ನು ತೆಗೆದುಕೊಂಡವರು ಒಂದೇ ಮಾತು ಕೇಳಿದರು.

"ಹೆಸರು ಬದಲಾದ್ರೂ ಅಕಿ ಅಲ್ಲೇ ಇರ್ತಾಳಲ್ರಿ ಸರ?"

"ಇರದ ಎಲ್ಲಿ ಹೋಗ್ತಾಳ ಮಾಸ್ತರ," ಅಂದೆ.

ಪತ್ರ ಓದಿದ ಮಹಾಶಯರು ಹೆಸರು ತಿದ್ದಲಿಲ್ಲ. ವಕೀಲರನ್ನು ಹಿಡಿದರು. ತಮಗೆ ಒಬ್ಬರ ಹೆಸರು ಹೇಳಿ ಇನ್ನೊಬ್ಬರ ಚಿತ್ರ ಮಾರಿದ್ದಾರೆ, ಕೊಟ್ಟ ಹಣ ವಾಪಸು ಕೊಡಿಸಬೇಕು, ಚಿತ್ರ ತಮಗೆ ಬೇಡ ಅಂತ ಸಾವ್ಕಾರರ ಮೊಮ್ಮಗನ ಮೇಲೆ ರಾಯಚೂರಿನ ಕೋರ್ಟಿನಲ್ಲಿ ದಾವೆ ಹಾಕಿದರು. ಮಾಸ್ತರಿಗೆ ಸಾಕ್ಷಿ ಹೇಳಲು ಸಮನ್ಸು ಬಂತು. ಎ.ಸಿ. ಕೋಣೆಯಿಂದ ಇಳಿದ ಚಿತ್ರ ಬಟ್ಟೆಯಲ್ಲಿ ಸುತ್ತಿಕೊಂಡು ರಾಯಚೂರಿಗೆ ಬಂತು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಹಬ್ಬಕ್ಕೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಅವರ ಜೊತೆ ಬಸ್ಸು ಹತ್ತಿದೆ.

ಮಾರಿದವನ ಕಡೆಯ ವಕೀಲರು ಕೆಟ್ಟವರೇನಲ್ಲ, ಅವರ ಕೆಲಸ ಅವರು ಮಾಡಿದರು. ನೀವು ಬೋರ್ಡು ಬರೆಯುತ್ತಿದ್ದಿರಿ, ಹೌದೋ? ಹೌದ್ರಿ. ಕಲಾಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಹೌದೋ? ಆಗಿನ್ನೂ ಇಲ್ರಿ. ಹಾಗಾದರೆ ಒಬ್ಬ ಬೋರ್ಡು ಬರೆಯುವವನು ಇಂಥ ಚಿತ್ರ ಬರೆದ ಅಂತ ಕೋರ್ಟು ಹೇಗೆ ನಂಬಬೇಕು?

"ಬೋರ್ಡು ಬರಿಯೋನಿಗೂ ಅವ್ವ ಇರ್ತಾಳ್ರಿ ಸಾಹೇಬ್ರ," ಅಂದರು ಮಾಸ್ತರು.

ಕೋರ್ಟಿನಲ್ಲಿ ಯಾರೋ ಮುಸಿ ಮುಸಿ ನಕ್ಕರು. ಆದರೆ ಅದು ಪುರಾವೆ ಆಗಲಿಲ್ಲ. ಆಗ ಕೊಂಡವರ ಕಡೆಯ ವಕೀಲರು ಎದ್ದು, ಎಡಗಾಲಿನ ಹತ್ತಿರ ಭತ್ತದ ಕೆಳಗೆ ಏನಾದರೂ ಮುಚ್ಚಿದ್ದೀರಾ ಅಂತ ಕೇಳಿದರು. ಮಾಸ್ತರು ಗಕ್ಕನೆ ನನ್ನ ಕಡೆ ತಿರುಗಿ ನೋಡಿದರು. ಆ ಗುಟ್ಟನ್ನು ಹಿಂದಿನ ವಾರ ಆ ವಕೀಲರ ಕಿವಿಗೆ ಹಾಕಿದ್ದು ನಾನೇ, ಜಾಣತನ ಮಾಡಿದೆ ಅಂತ ಬೀಗಿಕೊಂಡು.

ಅದನ್ನು ತೋರಿಸಲು ಬರುತ್ತದೆಯೇ ಅಂತ ನ್ಯಾಯಾಧೀಶರು ಕೇಳಿದರು. "ಬರ್ತದ್ರಿ. ಹುಣಸಿ ಬೀಜದ ಅಂಟು, ನೀರು ಹಚ್ಚಿದ್ರ ಬಿಡ್ತದ. ಬಿಟ್ಟದ್ದು ಮತ್ತ ಕೂಡಂಗಿಲ್ಲ," ಅಂದರು ಮಾಸ್ತರು. ಕೊಂಡವರ ಕಡೆಯವರಿಗೆ ಚಿತ್ರದ ಆಸೆ ಇರಲಿಲ್ಲ, ಕೂಡಲೇ ಒಪ್ಪಿದರು. ಮಾರಿದವನ ಕಡೆಯವರಿಗೆ ಇದು ಬರೀ ಮಾತು ಅನ್ನಿಸಿರಬೇಕು, ತಕರಾರು ಎತ್ತಲಿಲ್ಲ. ನಿಮ್ಮ ಚಿತ್ರವೇ ಆದರೆ ನಿಮ್ಮ ಕೈಯಿಂದಲೇ ತೋರಿಸಿ, ಮಧ್ಯಾಹ್ನದವರೆಗೆ ವಿಚಾರ ಮಾಡಿ ಅಂತ ನ್ಯಾಯಾಧೀಶರು ಎದ್ದರು.

ಹೊರಗೆ ಬೇವಿನ ಗಿಡದ ಕೆಳಗೆ ನಾನು ಒಗ್ಗಾಣಿ ಮಿರ್ಚಿ ಕಟ್ಟಿಸಿಕೊಂಡು ಬಂದೆ. ಅವರು ಮುಟ್ಟಲಿಲ್ಲ.

"ಏನ್ ಮಾಡ್ಲಿ ಸರ? ಆಗ ಸಾವ್ಕಾರ ಅಂದ ಅಂತ ಒಂದ ಸಲ ಅಕಿ ಕಾಲಿಗೆ ಕೈ ಹಚ್ಚೀನಿ. ಈಗ ಮತ್ತ ಹಚ್ಚಲೇನು?"

ಅವರು ನಿಜವಾಗಿ ಕೇಳುತ್ತಿದ್ದರು. ನಾನು ಬೇಡ ಅಂದಿದ್ದರೆ ಎದ್ದು ಬಸ್ ಸ್ಟ್ಯಾಂಡಿಗೆ ಬಂದುಬಿಡುತ್ತಿದ್ದರು. "ಸತ್ಯ ಒಂದ ಸಲ ಹೊರಗ ಬರ್ಲಿ ಮಾಸ್ತರ," ಅಂದೆ. ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ ಅಂದೆ. ಆ ಮಾತು ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆ ಆಗುತ್ತದೆ.

ಮಧ್ಯಾಹ್ನ ಚಿತ್ರವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಮಾಸ್ತರು ಚಪ್ಪಲಿ ಬಿಟ್ಟು ಹತ್ತಿರ ಹೋದರು. ಅರಳೆಯ ತುಂಡನ್ನು ನೀರಲ್ಲಿ ಅದ್ದಿ, ಎಳೆಗೂಸಿನ ಕಣ್ಣು ಒರೆಸುವಂತೆ ಎಡಗಾಲಿನ ಅಂಚನ್ನು ಒತ್ತಿ ಒತ್ತಿ ತೆಗೆದರು. ಹಳದಿ ಕರಗಿ ಅರಳೆಗೆ ಬಂತು. ಅದರ ಜೊತೆ ಒಂದು ವಾಸನೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ಮುದುಕ ಜವಾನ ತನಗೆ ತಾನೇ ಅಂದುಕೊಂಡಂತೆ, "ಕಂಬಳಿ ತೊಯ್ದ ವಾಸನಿ," ಅಂದ. ಭತ್ತದ ಕೆಳಗಿಂದ ಒಂದು ಸಣ್ಣ, ಕಪ್ಪು, ತುಸು ಹೊರಕ್ಕೆ ಬಾಗಿದ ಬೆರಳು ಕಂಡಿತು. ವಕೀಲರು, ಗುಮಾಸ್ತರು ಎಲ್ಲ ಕತ್ತು ಚಾಚಿ ಎಣಿಸಿದರು. ಆರು.

ಮಾಸ್ತರು ಬಾಗಿ ಆ ಪಾದ ಮುಟ್ಟಿ ನಮಸ್ಕಾರ ಮಾಡಲು ಎರಡೂ ಕೈ ಚಾಚಿದರು. ಚಾಚಿದವರು ತಾವೇ ತಡೆದುಕೊಂಡರು. ಬಣ್ಣ ಹಸಿ ಇತ್ತು, ಮುಟ್ಟಿದರೆ ಅಳಿಸುತ್ತಿತ್ತು. ಕೈಗಳು ಹಾಗೇ ಗಾಳಿಯಲ್ಲಿ ನಿಂತಿದ್ದವು.

ತೀರ್ಪು ನಮ್ಮ ಮಾತಿನಂತೆ ಬಂತು. ಚಿತ್ರ ದೊಡ್ಡ ಕಲಾವಿದರದಲ್ಲ, ಸಾಕ್ಷಿ ಹೇಳಿದ ಈ ಮಾಸ್ತರದು. ಪತ್ರಿಕೆಯಲ್ಲಿ ಅವರ ಹೆಸರು ಪೂರ್ತಿಯಾಗಿ ಬಂತು. ನಾನು ಇಡೀ ಓಣಿಗೆ ಪೇಡೆ ಹಂಚಿದೆ. ಅವರು ಒಂದು ಪೇಡೆ ಕೈಯಲ್ಲಿ ಹಿಡಿದು, "ಅಕಿನ್ನ ಯಾವಾಗ ವಾಪಸ್ ಒಯ್ದು ತೂಗು ಹಾಕ್ತಾರ್ರಿ?" ಅಂದರು. ನಾನು ಪೇಡೆಯ ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ನಡೆದೆ. ನನಗೆ ಆ ಹೊತ್ತಿಗೆ ಗೊತ್ತಾಗತೊಡಗಿತ್ತು.

ಯಾರೂ ಒಯ್ಯಲಿಲ್ಲ. ಕೊಂಡವರಿಗೆ ಬೇಕಾಗಿದ್ದದ್ದು ಆ ದೊಡ್ಡ ಹೆಸರು. ಅದು ಇಲ್ಲವೆಂದ ಮೇಲೆ ಆ ಕಣ, ಆ ಬಿಸಿಲು, ಕಣ್ಣೊರೆಸಿಕೊಂಡ ಹೆಣ್ಣುಮಗಳು ಎಲ್ಲ ಸುಳ್ಳಾದಂತಾಯಿತು. ಮಾರಿದವನು ಮೇಲಿನ ಕೋರ್ಟಿಗೆ ಹೋದ. ಅದು ಮುಗಿಯುವ ತನಕ ಚಿತ್ರ ಕೋರ್ಟಿನ ಸ್ವಾಧೀನ. ರಾಯಚೂರಿನ ರೆಕಾರ್ಡ್ ರೂಮಿನಲ್ಲಿ, ತಗಡಿನ ಮಾಡಿನ ಕೆಳಗೆ, ಹಳೆ ಫೈಲುಗಳ ನಡುವೆ ಅದನ್ನು ಗೋಡೆಗೆ ಆನಿಸಿ ಇಟ್ಟರು. ಮಾಸ್ತರು ತಮಗೆ ಕೊಡಿ ಅಂತ ಅರ್ಜಿ ಹಾಕಿದರು. ರೆಕಾರ್ಡ್ ರೂಮಿನ ಗುಮಾಸ್ತ ಒಳ್ಳೆಯ ಮನುಷ್ಯ, ಕೂಡ್ರಿಸಿಕೊಂಡು ತಿಳಿಸಿ ಹೇಳಿದ. "ನೀವು ವಾದಿನೂ ಅಲ್ಲ, ಪ್ರತಿವಾದಿನೂ ಅಲ್ರಿ ಯಜಮಾನ್ರ. ಬರೀ ಸಾಕ್ಷಿ. ಸಾಕ್ಷಿಗೆ ಬಸ್ಸಿನ ಖರ್ಚು ಕೊಡ್ತಾರ, ಮಾಲು ಕೊಡಂಗಿಲ್ಲ."

"ಬರದೋನು ನಾನಲ್ರಿ?"

"ಅದನ್ನ ಕೋರ್ಟೇ ಹೇಳ್ಯದಲ್ರಿ. ಬರದೋರು ನೀವು. ಮಾಲಕರು ಅಂತ ಎಲ್ಲ್ಯದ?"

ನಾನು ಮತ್ತೆ ಅರ್ಜಿಗಳನ್ನು ಬರೆದೆ, ಅದೇ ಚೆಂದದ ಕನ್ನಡದಲ್ಲಿ. ಒಂದಕ್ಕೂ ಜವಾಬು ಬರಲಿಲ್ಲ.

ಆಮೇಲೆ ಮಾಸ್ತರು ಅರ್ಜಿ ಬಿಟ್ಟು ಬೇವಿನ ಎಲೆ ಹಿಡಿದರು. ಹುಣಸೆ ಬೀಜದ ಅಂಟು ಅಂದರೆ ಹುಳಕ್ಕೆ ಹೋಳಿಗೆ ಇದ್ದಂತೆ ಅಂತ ಅವರಿಗೆ ಗೊತ್ತಿತ್ತು. ತಾವೇ ನೀರು ಹಚ್ಚಿ ಬಿಡಿಸಿದ ಜಾಗದಿಂದಲೇ ಹುಳು ಒಳಗೆ ಹೊಕ್ಕಿತ್ತು. ತಿಂಗಳಿಗೊಮ್ಮೆ ಜಾಲಹಳ್ಳಿಯಿಂದ ಬರುವ ಬಸ್ಸು ಹಿಡಿದು, ಒಣಗಿಸಿದ ಎಲೆಯ ಚೀಲ ತೊಡೆಯ ಮೇಲಿಟ್ಟುಕೊಂಡು ರಾಯಚೂರಿಗೆ ಹೋಗುವರು. ಗುಮಾಸ್ತ ಹತ್ತು ನಿಮಿಷ ಒಳಗೆ ಬಿಡುತ್ತಿದ್ದ. ಹಳೆ ಎಲೆ ಉದುರಿಸಿ, ಹುಳು ಒರೆಸಿ, ಹೊಸ ಎಲೆ ಸಿಕ್ಕಿಸಿ ಬರುವರು. ಮೊದಮೊದಲು ನನಗೆ ವರದಿ ಒಪ್ಪಿಸುತ್ತಿದ್ದರು. ಬೆರಳು ಹೋತು ಸರ. ಪಾದ ಹೋತು. ಸೀರಿ ಅಂಚಿಗೆ ಬಂದದ. ಕೊನೆಕೊನೆಗೆ ಹೇಳುವುದನ್ನು ಬಿಟ್ಟರು.

ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈಯಲಿ ಅಂತಲೇ ಒಂದು ದಿನ ನಾನು ಮಾತು ತೆಗೆದೆ. "ನೀವು ಒಳ್ಳೇದಕ್ಕ ಮಾಡಿದ್ರಿ ಸರ," ಅಂದು ಬಶಿಯ ಚಹಾ ಊದಿದರು. ಒಂದು ಏಟು ಹೊಡೆದಿದ್ದರೆ ನಾನು ಇನ್ನಷ್ಟು ನೆಮ್ಮದಿಯಿಂದ ಇರುತ್ತಿದ್ದೆ.

ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿ, "ಈ ತಿಂಗಳು ಎಲಿ ನೀವು ಒಯ್ದು ಇಡ್ರಿ ಸರ," ಅಂದರು. ಆಗಲಿ ಅಂದೆ. ಬಿಸಿಲು ಬಹಳ ಇತ್ತು, ಮೊಣಕಾಲು ನೋಯುತ್ತಿತ್ತು, ನಾಳೆ ನಾಡಿದ್ದು ಅಂತ ಎರಡು ತಿಂಗಳು ಕಳೆದೆ. ಅವರು ಕೇಳಲಿಲ್ಲ. ತೀರಿಕೊಂಡ ದಿನ ಅವರ ಮಗಳು ತಲೆದಿಂಬಿನ ಪಕ್ಕದಿಂದ ಆ ಚೀಲವನ್ನು ತಂದು ನನ್ನ ಕೈಗೆ ಕೊಟ್ಟಳು. ಎಲೆ ಪುಡಿಪುಡಿಯಾಗಿತ್ತು.

ಮೊನ್ನೆ ಹೊಸ ಎಲೆ ಒಣಗಿಸಿಕೊಂಡು ರಾಯಚೂರಿಗೆ ಹೋದೆ. ಗುಮಾಸ್ತ ಬೀಗ ತೆಗೆದು, ಸುತ್ತಿದ ಬಟ್ಟೆಯನ್ನು ತಾನೇ ಬಿಚ್ಚಿದ. ಪಾದ ಇರಲಿಲ್ಲ, ಸೀರೆ ಇರಲಿಲ್ಲ. ಮುಖವಿದ್ದ ಜಾಗದಲ್ಲಿ ಬಟ್ಟೆಯ ಎಳೆಗಳು ಮಾತ್ರ ಇದ್ದವು. ಮೇಲಿನ ಮೂಲೆಯಲ್ಲಿ ಅಂಗೈ ಅಗಲ ಭತ್ತ ಉಳಿದಿತ್ತು. ಚೌಕಟ್ಟಿಗೆ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿಯ ಮೇಲೆ ಕೇಸಿನ ನಂಬರು, ಅದರ ಕೆಳಗೆ ಬರೆದವರು ಅಂತ ಅವರ ಹೆಸರು, ತಂದೆಯ ಹೆಸರು ಸಮೇತ, ದಪ್ಪ ಕಪ್ಪು ಅಕ್ಷರದಲ್ಲಿ. ಒಂದು ಅಕ್ಷರಕ್ಕೂ ಹುಳು ಮುಟ್ಟಿರಲಿಲ್ಲ. ಎಲೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಚೀಲ ಹಿಡಿದುಕೊಂಡೇ ನಿಂತೆ. ತಗಡು ಕಾದು ಕೋಣೆ ಕುಲುಮೆಯಾಗಿತ್ತು, ಚಪ್ಪಲಿಯ ಒಳಗೂ ನೆಲ ಸುಡುತ್ತಿತ್ತು.

ಗುಮಾಸ್ತ ನನ್ನ ಮುಖ ನೋಡಿ ಗಾಬರಿಯಾದ. "ಇಲ್ಲಿ ಭಾಳ ಝಳ ಅದ್ರಿ ಸರ, ವಯಸ್ಸಾದೋರು ನಿಲ್ಲಬಾರದು. ಹೊರಗ ಗಿಡದ ಬುಡಕ ಬರ್ರಿ, ತಂಪಿನಾಗ ನಿಲ್ರಿ," ಅಂದ.

ನಾನು ಹೊರಗೆ ಹೋಗಿ ತಂಪಿನಲ್ಲಿ ನಿಂತೆ.